ಜತ್ತಿ ಸಾಹೇಬರಿಗೊಂದು ಬಹಿರಂಗ ಪತ್ರ

ಸನ್ಮಾನ್ಯ ಬಸಪ್ಪ ದಾನಪ್ಪ ಜತ್ತಿಯವರಿಗೆ,

ನೀವು 2002ರಲ್ಲೇ ಲಿಂಗೈಕ್ಯರಾದಿರಿ, ಈ ಪತ್ರ ನಿಮ್ಮ ಕೈ ಸೇರದು. ಆದರೂ ನಾಲ್ಕು ಜನ ಓದಲಿ ಎಂದು ಬರೆಯುತ್ತಿದ್ದೇನೆ. ನಮ್ಮ ಭಾಗದಲ್ಲಿ ನಿಮ್ಮ ಬಗೆಗಿನ ಮಾತು ‘ಸಾವಳಗಿಯವರು ರಾಷ್ಟ್ರಪತಿ ಆಗಿದ್ದರು’ ಎಂಬಲ್ಲಿಗೆ ನಿಂತುಬಿಡುತ್ತದೆ. ಆಗಿ ಏನು ಮಾಡಿದರು ಎಂದು ಯಾರೂ ಕೇಳುವುದಿಲ್ಲ.

ಸಂಸ್ಥಾನಗಳ ಕಾಲದಲ್ಲಿ ನಮ್ಮೂರು ಮಹಾಲಿಂಗಪುರ ಮುಧೋಳದ ಘೋರ್ಪಡೆಯವರದು, ನಿಮ್ಮದು ಜಮಖಂಡಿಯ ಪಟವರ್ಧನರದು. ಕೊಲ್ಹಾಪುರದಲ್ಲಿ ಕಾನೂನು ಓದಿ ಬಂದು ಜಮಖಂಡಿಯಲ್ಲಿ ವಕೀಲಿ ಹಿಡಿದಿರಿ. 1940ರಲ್ಲಿ ಪುರಸಭೆಯ ಸದಸ್ಯ, 1945ರಲ್ಲಿ ಅಧ್ಯಕ್ಷ, ಆಮೇಲೆ ಸಂಸ್ಥಾನದ ಮಂತ್ರಿ, ದಿವಾನ. 1948ರ ಮಾರ್ಚ್ 8ರಂದು ಸಂಸ್ಥಾನ ಮುಂಬಯಿ ಪ್ರಾಂತಕ್ಕೆ ಸೇರಿದಾಗ ದಿವಾನಗಿರಿ ಮುಗಿಯಿತು. ನೀವು ಮತ್ತೆ ಕರಿಕೋಟು ತೊಟ್ಟು ಸುಮಾರು 20 ತಿಂಗಳು ವಕೀಲಿ ಮಾಡಿದಿರಿ. ನಿಮ್ಮ ಬದುಕಿನಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ ಭಾಗ ಇದು. ನಿನ್ನೆ ಸರ್ಕಾರ ನಡೆಸಿದವರು ಇಂದು ಕಕ್ಷಿದಾರರ ಕಾಗದ ಬಿಚ್ಚಿಕೊಂಡು ಕೂರುವುದನ್ನು ನಮ್ಮ ಕಾಲದಲ್ಲಿ ನಾವು ಕಂಡಿಲ್ಲ. ಮುಂದೆ ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿ, 1962ರಲ್ಲಿ ಆ ಸ್ಥಾನ ಹೋದ ಮೇಲೂ ನಿಜಲಿಂಗಪ್ಪನವರ ಸಂಪುಟದಲ್ಲಿ ಹಣಕಾಸು ಮಂತ್ರಿಯಾಗಿ ದುಡಿದಿರಿ. 1961ರ ಭೂ ಸುಧಾರಣಾ ಕಾಯ್ದೆಯ ಹಿಂದೆ ನಿಮ್ಮ ಅಧ್ಯಕ್ಷತೆಯ ಸಮಿತಿಯ ದುಡಿಮೆ ಇತ್ತು. ಲಾವಣಿ (ಗೇಣಿ) ಮೇಲೆ ಹೊಲ ಮಾಡುತ್ತಿದ್ದವರಿಗೆ ಅದರ ನಿಜವಾದ ಫಲ ಸಿಕ್ಕಿದ್ದು ಮುಖ್ಯಮಂತ್ರಿ ದೇವರಾಜ ಅರಸರ 1974ರ ತಿದ್ದುಪಡಿಯ ನಂತರವೇ. ಆದರೂ ಮೊದಲ ಕುಂಟೆ ಹೊಡೆದವರು ನೀವು.

ಈಗ ನನ್ನ ತಕರಾರು.

1977ರ ಫೆಬ್ರುವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡರು, ಉಪರಾಷ್ಟ್ರಪತಿಯಾಗಿದ್ದ ನೀವು ಹಂಗಾಮಿ ರಾಷ್ಟ್ರಪತಿಯಾದಿರಿ. ಜನತಾ ಪಕ್ಷದ ಪ್ರಧಾನಿ ಮೊರಾರ್ಜಿ ದೇಸಾಯಿಯವರಿಗೆ ಪ್ರಮಾಣವಚನ ಬೋಧಿಸಿದವರು ನೀವೇ. ಏಪ್ರಿಲ್ ಕೊನೆಗೆ ಅವರ ಸರ್ಕಾರ ಕಾಂಗ್ರೆಸ್ ಆಡಳಿತವಿದ್ದ ಒಂಬತ್ತು ರಾಜ್ಯಗಳ ವಿಧಾನಸಭೆ ವಿಸರ್ಜಿಸಲು ಕಾಗದ ಕಳಿಸಿತು. ವಿಸರ್ಜನೆಯ ವಿರುದ್ಧ ರಾಜ್ಯಗಳು ಸಲ್ಲಿಸಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿತ್ತು. ನೀವು ತಕ್ಷಣ ಸಹಿ ಹಾಕಲಿಲ್ಲ. ಏಪ್ರಿಲ್ 30ರಂದು ಹಾಕಿದಿರಿ. ಕಾಂಗ್ರೆಸ್ಸಿನ ಋಣ ತೀರಿಸುತ್ತಿದ್ದಾರೆ ಎಂದು ಜನತಾ ಪಕ್ಷದವರು ಸಿಟ್ಟಾದರು. ಆ ಮಾತು ನಾನು ಒಪ್ಪುವುದಿಲ್ಲ. ಅಷ್ಟು ರಾಜ್ಯಗಳ ಜನ ಆರಿಸಿದ ಸಭೆಗಳನ್ನು ಮುಗಿಸುವ ಕಾಗದವನ್ನು ವಕೀಲನಾದವನು ಎರಡು ಸಲ ಓದಲೇಬೇಕು.

ಆದರೆ ಅಷ್ಟು ಹೊತ್ತಿಗೆ ರಾಷ್ಟ್ರಪತಿ ಸಂಪುಟದ ಸಲಹೆಯಂತೆಯೇ ನಡೆಯತಕ್ಕದ್ದು ಎಂದು ಸಂವಿಧಾನದಲ್ಲೇ ಬರೆದಾಗಿತ್ತು. ಬರೆದದ್ದು 42ನೇ ತಿದ್ದುಪಡಿ. ಅದನ್ನು 1976ರ ನವೆಂಬರಿನಲ್ಲಿ ಒಪ್ಪಿದ ರಾಜ್ಯಸಭೆಗೆ ನೀವೇ ಸಭಾಪತಿ. ತುರ್ತು ಪರಿಸ್ಥಿತಿಯ ಆ ದಿನಗಳಲ್ಲಿ ವಿರೋಧ ಪಕ್ಷದ ಎಷ್ಟೋ ಸದಸ್ಯರು ಜೈಲಿನಲ್ಲಿದ್ದರು. ಮತಗಳು ಸಮ ಬಿದ್ದಾಗಲ್ಲದೆ ಸಭಾಪತಿಗೆ ಮತವಿಲ್ಲ, ನಿಜ. ಬಾಯಿಯೂ ಇರಲಿಲ್ಲವೇ, ಸಾಹೇಬರೇ?

ಇನ್ನೊಂದಿದೆ. ಆ ಒಂಬತ್ತರಲ್ಲಿ ಒಡಿಶಾ ಕೂಡ ಇತ್ತು. 1973ರಲ್ಲಿ ನೀವು ಅಲ್ಲಿ ರಾಜ್ಯಪಾಲರು. ಮುಖ್ಯಮಂತ್ರಿ ನಂದಿನಿ ಸತ್ಪತಿ ರಾಜೀನಾಮೆ ಕೊಟ್ಟರು, ವಿರೋಧ ಪಕ್ಷದ ನಾಯಕ ಬಿಜು ಪಟ್ನಾಯಕ್ ತಮಗೆ ಬಹುಮತವಿದೆ ಎಂದು ಬಂದರು. ನೀವು ಅವರನ್ನು ಕರೆಯಲಿಲ್ಲ, ರಾಷ್ಟ್ರಪತಿ ಆಡಳಿತಕ್ಕೆ ಶಿಫಾರಸು ಮಾಡಿದಿರಿ. ಸದನದಲ್ಲಿ ಬಲ ತೋರಿಸಲು ಅವರಿಗೆ ಅಂದು ಒಂದು ಅವಕಾಶ ಕೊಟ್ಟಿದ್ದರೆ, ನಾಲ್ಕು ವರ್ಷದ ಮೇಲೆ ನೀವು ತಡೆದ ಆ ಸಹಿಯನ್ನು ನಿಮ್ಮ ವಿರೋಧಿಗಳೂ ನಂಬುತ್ತಿದ್ದರು.

ಇತಿ ನಿಮ್ಮವ,
ಮಹಾಲಿಂಗಪುರದ ಒಬ್ಬ ಮತದಾರ