ಮನಿಪ್ಲಾಂಟ್ ಮತ್ತು 371(ಜೆ): ಕುಷ್ಟಗಿಯ ಬಾಡಿಗೆ ಮನೆಗಳ ಕುರಿತು ಒಂದು ಸಸ್ಯಕಾನೂನು ಮೀಮಾಂಸೆ

ಕುಷ್ಟಗಿಯ ಮೇಲ್ಮಹಡಿಯ ಬಾಡಿಗೆ ಮನೆಯಲ್ಲಿ, ಅಡಿಗೆ ಕಟ್ಟೆಯ ಮೂಲೆಗೆ, ಲೇಬಲ್ಲು ಅರ್ಧ ಕಿತ್ತ ಗಾಜಿನ ಬಾಟಲಿಯೊಳಗೆ ಕಾಲು ಇಳಿಬಿಟ್ಟುಕೊಂಡಿರುವ ಮನಿಪ್ಲಾಂಟಿನ ಬಗ್ಗೆ ಬಲ್ಲವರು ಬರೆದದ್ದೆಲ್ಲ ನೀರೆಷ್ಟು, ಬೆಳಕೆಷ್ಟು, ಗೊಬ್ಬರವೆಷ್ಟು ಎಂಬ ಲೌಕಿಕ ಸಂಗತಿ. ಮೂಲ ಪ್ರಶ್ನೆ ಹಾಗೇ ಉಳಿದಿದೆ: ಅದಕ್ಕೆ 371(ಜೆ) ಅರ್ಹತಾ ಪ್ರಮಾಣಪತ್ರ ಕೊಡಬೇಕೋ ಬೇಡವೋ? ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ ಈ ವಿಧಿ, ಜನನದಿಂದ ಇಲ್ಲವೇ ವಾಸದಿಂದ ಹೈದರಾಬಾದ್ ಕರ್ನಾಟಕಕ್ಕೆ ಸೇರಿದವರಿಗೆ ಸೀಟು, ಹುದ್ದೆ ಮೀಸಲಿಡಲು ದಾರಿ ಮಾಡಿತು. 2019ರಲ್ಲಿ ಪ್ರದೇಶದ ಹೆಸರು ಕಲ್ಯಾಣ ಕರ್ನಾಟಕವಾಯಿತು, ಸವಲತ್ತು ಹಾಗೇ ನಿಂತಿತು. ಕೊಡಲೇಬೇಕು ಎಂಬುದು ಪ್ರಸ್ತುತ ಪ್ರಬಂಧದ ಸಿದ್ಧಾಂತ.

ಮೊದಲು ಜನನದ ಮಾತು. ಮನಿಪ್ಲಾಂಟ್ ತಾನಾಗಿ ಹೂ ಬಿಡುವುದು ಇಲ್ಲವೆನ್ನುವಷ್ಟು ಅಪರೂಪ. ಹೂವಿಗೆ ಬೇಕಾದ ಜಿಬ್ಬರೆಲಿನ್ ಹಾರ್ಮೋನು ತಯಾರಿಸುವಲ್ಲಿ ಅದಕ್ಕೆ ಹುಟ್ಟಾ ಕೊರತೆಯಿದೆ ಎಂದು 2016ರಲ್ಲಿ ವಿಜ್ಞಾನಿಗಳು ತೋರಿಸಿದ್ದಾರೆ. ಹೂವಿಲ್ಲ, ಬೀಜವಿಲ್ಲ, ಗೆಣ್ಣಿನ ಕೆಳಗೆ ಕತ್ತರಿಸಿ ನೀರಿಗಿಟ್ಟರೆ ಆ ಗೆಣ್ಣಿನ ಕಂದು ಗುಬುಟಿನಿಂದಲೇ ಬೇರು ಒಡೆಯುತ್ತದೆ. ಅಂದಮೇಲೆ ಹೆರಿಗೆ ಕುಷ್ಟಗಿಯಲ್ಲೇ, ಅದೂ ಮನೆಯಲ್ಲೇ ಆದದ್ದು. ಮೇಲಾಗಿ ತಾಯಿಯೂ ಮಗುವೂ ಒಂದೇ ದೇಹ. ನಿಯಮಗಳು ಕೇಳುವ ಹತ್ತು ವರ್ಷದ ವಾಸವನ್ನು ತಾಯಿ ಪೂರೈಸಿದ್ದರೆ ನಿನ್ನೆ ಬಾಟಲಿಗೆ ಬಿದ್ದ ತುಂಡೂ ಪೂರೈಸಿದಂತೆಯೇ. ಕತ್ತರಿಸಿದ ತುಂಡಿಗೆ ಹಕ್ಕೆಲ್ಲಿಯದು ಎನ್ನುವವರು ಕುಷ್ಟಗಿ ಇರುವ ಕೊಪ್ಪಳ ಜಿಲ್ಲೆಯ ಚರಿತ್ರೆ ನೋಡಲಿ. 1997ರಲ್ಲಿ ರಾಯಚೂರಿನಿಂದ ಬೇರೆಮಾಡಿದ ಈ ಜಿಲ್ಲೆ ಕಾನೂನಿನ ದೃಷ್ಟಿಯಲ್ಲಿ ಅಚ್ಚುಕಟ್ಟಾಗಿ ನೆಟ್ಟ ಕಡ್ಡಿಯೇ. ಬಳ್ಳಾರಿಯಿಂದ ವಿಜಯನಗರವನ್ನು ಕತ್ತರಿಸಿದಾಗಲೂ ಸವಲತ್ತು ಒಣಗಲಿಲ್ಲ. ಜಿಲ್ಲೆಗೆ ಒಂದು ನ್ಯಾಯ, ಬಳ್ಳಿಗೆ ಇನ್ನೊಂದು ನ್ಯಾಯವಾದೀತೆ?

ಆಕ್ಷೇಪ ಏಳುವುದು ವಂಶಮೂಲದ ಮೇಲೆ: ಈ ಬಳ್ಳಿಯ ತವರು ಪೆಸಿಫಿಕ್ ಸಾಗರದ ಮೂರೆಯಾ ದ್ವೀಪ. ನಿಜ. ಆದರೆ ಈ ವಾದ ಹೂಡುವವರು ಅದಕ್ಕೂ ಮುಂಚೆ ತಮ್ಮ ತಾಟು ನೋಡಿಕೊಳ್ಳಬೇಕು. ರೊಟ್ಟಿಯ ಜೋಳ ಆಫ್ರಿಕದ್ದು. ಅದರ ಜೊತೆಗಿನ ಶೇಂಗಾ ಚಟ್ನಿಯಲ್ಲಿ ಶೇಂಗಾ, ಮೆಣಸಿನಕಾಯಿ ಎರಡೂ ಅಮೆರಿಕ ಖಂಡದಿಂದ ಬಂದವು. ತಾಲ್ಲೂಕಿನ ರೈತರು ಹೆಮ್ಮೆಯಿಂದ ಬೆಳೆಯುವ ದಾಳಿಂಬೆಯ ಮೂಲ ಇರಾನಿನ ಕಡೆಗೆ. ಇವನ್ನೆಲ್ಲ ಹೊರಗಿನವೆಂದು ಕಳಿಸಿಕೊಟ್ಟರೆ ಕುಷ್ಟಗಿಯ ಊಟದಲ್ಲಿ ಮಿಕ್ಕುವುದು ಬಹುಶಃ ಮಜ್ಜಿಗೆ.

ಮನಿಪ್ಲಾಂಟ್ ಕದ್ದು ತಂದರೇ ಏಳಿಗೆ ಎಂದು ಜನ ನಂಬುತ್ತಾರಲ್ಲ, ಕಳವಿನ ಮಾಲಿಗೆ ತಂದೆತಾಯಿಯ ದಾಖಲೆ ಎಲ್ಲಿಂದ ತರುವುದು ಎಂಬುದು ಮೇಲ್ನೋಟಕ್ಕೆ ಬಲವಾದ ಆಕ್ಷೇಪ. ಕಳವೇ ಇಲ್ಲಿ ದಾಖಲೆ ಎಂಬುದನ್ನು ಆಕ್ಷೇಪಕರು ಗಮನಿಸಿಲ್ಲ. ಒಂದು ಗೇಣು ಬಳ್ಳಿಗಾಗಿ ಯಾರೂ ಮೂರೆಯಾಕ್ಕೆ ಹೋಗುವುದಿಲ್ಲ, ಇದೇ ತಾಲ್ಲೂಕಿನ ಹನುಮಸಾಗರಕ್ಕೂ ಹೋಗುವುದಿಲ್ಲ. ಕೈ ಚಾಚಿದರೆ ಸಿಗುವ ಪಕ್ಕದ ಮನೆಯ ಕಿಟಕಿಯಿಂದಲೇ ಕದಿಯುತ್ತಾರೆ. ಹೀಗಾಗಿ ಕದ್ದ ಗಿಡದ ತಾಯಿ ಸ್ಥಳೀಯಳೇ ಎಂಬುದು ಸ್ವಯಂಸಿದ್ಧ. ಸಂದೇಹ ಬರಬೇಕಾದದ್ದು ದುಡ್ಡು ಕೊಟ್ಟು ನರ್ಸರಿಯಿಂದ ತಂದ ಗಿಡದ ಮೇಲೆ. ಅದು ಆಂಧ್ರದ ಕಡಿಯಂನಿಂದ ಲಾರಿ ಹತ್ತಿ ಬಂದದ್ದಿರಬಹುದು.

ವಾಸದ ಪುರಾವೆ ಇನ್ನೂ ಗಟ್ಟಿ. ಈ ತಾಲ್ಲೂಕಿನ ಹಲವು ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು, ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬ ಮಿತಿಯನ್ನು ಅದು ದಾಟುತ್ತದೆ. ಮನುಷ್ಯರಲ್ಲಿ ಇದು ಹಲ್ಲಿನ ಮೇಲೆ ಕಂದು ಕಲೆಯಾಗಿ ಕೂರುತ್ತದೆ. ಮನಿಪ್ಲಾಂಟಿನ ನೆರೆಯ ಸ್ಪೈಡರ್ ಪ್ಲಾಂಟ್, ಡ್ರಸೀನಾಗಳಲ್ಲಿ ನೀರಿನೊಡನೆ ಬೇರಿನಿಂದ ಏರಿ ಎಲೆಯ ತುದಿಗೆ ಬರುತ್ತದೆ. ನೀರು ಆವಿಯಾಗಿ ಹೋಗುತ್ತದೆ, ಫ್ಲೋರೈಡ್ ಅಲ್ಲೇ ಉಳಿದು ತುದಿ ಸುಡುತ್ತದೆ. ಹಸಿರು ಎಲೆ, ತುದಿಗೆ ಮಾತ್ರ ಕಾಯಿಸಿದ ಹಪ್ಪಳದ ಬಣ್ಣ, ನಡುವೆ ಹಳದಿ ಗೆರೆ: ವಾಸದ ದೃಢೀಕರಣಕ್ಕೆ ಇದಕ್ಕಿಂತ ಚಂದದ ಮೊಹರು ಯಾವ ಕಚೇರಿಯಲ್ಲಿದೆ? ಇನ್ನೊಂದು ಸೂಕ್ಷ್ಮವಿದೆ. ಅನುಕೂಲವಿದ್ದ ಮನುಷ್ಯರು ಶುದ್ಧ ನೀರಿನ ಘಟಕದಿಂದ ಕ್ಯಾನು ತುಂಬಿಸಿ ತಂದು ಕುಡಿಯುತ್ತಾರೆ. ಗಿಡಕ್ಕೆ ಕ್ಯಾನಿನ ನೀರು ಹಾಕಿದ ಮನೆ ಊರಿನಲ್ಲೇ ಇಲ್ಲ. ಯಾರು ಹೆಚ್ಚು ಸ್ಥಳೀಯರು ಎಂಬ ಮುಜುಗರದ ಪ್ರಶ್ನೆಯನ್ನು ಪ್ರಬಂಧ ಮುಂದೊತ್ತುವುದಿಲ್ಲ.

ಗಿಡ ಮಾಡುವ ಕೆಲಸವೇನು ಎಂದು ಕೇಳುವವರಿಗೆ ಅಭಿಮಾನಿಗಳು ಕೂಡಲೇ ನಾಸಾ ಎನ್ನುತ್ತಾರೆ. ಆ 1989ರ ಪ್ರಯೋಗ ನಡೆದದ್ದು ಗಾಳಿಯಾಡದ ಮುಚ್ಚಿದ ಪೆಟ್ಟಿಗೆಗಳಲ್ಲಿ. ಹಳೆಯ ಪ್ರಯೋಗಗಳನ್ನೆಲ್ಲ ಮರಳಿ ಲೆಕ್ಕ ಹಾಕಿದ 2019ರ ವಿಮರ್ಶೆಯ ಪ್ರಕಾರ, ಕಟ್ಟಡದಲ್ಲಿ ಸಹಜವಾಗಿ ಆಡುವ ಗಾಳಿ ಮಾಡುವಷ್ಟು ಶುದ್ಧಿಯನ್ನು ಗಿಡಗಳಿಂದ ಪಡೆಯಲು ಚದರ ಮೀಟರಿಗೆ 10ರಿಂದ 1000 ಗಿಡ ಬೇಕು. ಹತ್ತು ಬೈ ಹತ್ತು ಅಡಿಯ ಕೋಣೆಗೆ ಕಡಿಮೆಯೆಂದರೂ 93. ಅಷ್ಟಿಟ್ಟ ಮೇಲೆ ಬಾಡಿಗೆದಾರ ಮೆಟ್ಟಿಲ ಮೇಲೆ ಮಲಗಬೇಕು. ಆದ್ದರಿಂದ ಗಿಡ ಏನೂ ಕೆಲಸ ಮಾಡುತ್ತಿಲ್ಲವೆಂದು ಒಪ್ಪಿಕೊಳ್ಳುವುದೇ ಪ್ರಾಮಾಣಿಕತೆ. ಆದರೆ ವಿಧಿ ಕೇಳುವುದು ಜನನ ಇಲ್ಲವೇ ವಾಸವನ್ನು. ಅದರಲ್ಲಿ ದಕ್ಷತೆಯ ಮಾತೇ ಇಲ್ಲ.

ತುಳಸಿಯ ಜಾಗವನ್ನು ಪರದೇಶಿ ಬಳ್ಳಿ ಕಿತ್ತುಕೊಂಡಿತೆಂಬ ದೂರು ಭಾವನಾತ್ಮಕವಾದದ್ದು, ಅಷ್ಟೇ ದುರ್ಬಲವಾದದ್ದು. ತುಳಸಿಗೆ ನೆತ್ತಿಯ ಮೇಲೆ ಬಿಸಿಲು ಬೇಕು. ಮೂರು ಕಡೆ ಅನ್ಯರ ಗೋಡೆ, ನಾಲ್ಕನೆಯ ಕಡೆ ಮಾಲೀಕರ ನೀರಿನ ಟ್ಯಾಂಕು ಇರುವ ಮನೆಗೆ ಅದನ್ನು ನೇಮಿಸಿದರೆ ತಿಂಗಳೊಳಗೆ ಕಡ್ಡಿಯಾಗುತ್ತದೆ. ಅರ್ಹ ಅಭ್ಯರ್ಥಿ ಬಂದು ಸೇರದ ಹುದ್ದೆ ಖಾಲಿ ಬಿದ್ದು ಬ್ಯಾಕ್‌ಲಾಗ್ ಆಗುವುದಕ್ಕಿಂತ, ಕತ್ತಲಲ್ಲಿ ದುಡಿಯಲು ಒಪ್ಪಿದವರನ್ನು ತೆಗೆದುಕೊಳ್ಳುವುದು ಆಡಳಿತಕ್ಕೆ ಹಗುರ.

ಅದೇ ಮನೆಯ ಕಿಟಕಿಯಲ್ಲಿ ಕೂತು ಅರ್ಜಿಗೆ ಕಾದಿರುವ ಲಕ್ಕಿ ಬಾಂಬೂವನ್ನು ಮಾತ್ರ ಈ ಶಿಫಾರಸಿನಿಂದ ಹೊರಗಿಡಬೇಕಾಗಿದೆ. ಅದರ ಎಲೆತುದಿಯೂ ಸುಟ್ಟಿದೆ, ವಾಸ ಸಂಶಯಾತೀತ. ಆದರೆ ಬಿದಿರು ಹುಲ್ಲಿನ ಜಾತಿ. ಇದು ಮಧ್ಯ ಆಫ್ರಿಕದ ಡ್ರಸೀನಾ, ಬಿದಿರೆಂದು ಬರೆಸಿಕೊಂಡಿದೆ. ಇದನ್ನು ಜಾತಿ ಪರಿಶೀಲನಾ ಸಮಿತಿಗೆ ಬಿಡುವುದು ಒಳಿತು.