ಚಟ್ನಿಪುಡಿ ಪ್ರೈವೇಟ್ ಲಿಮಿಟೆಡ್

(ಬೆಂಗಳೂರಿನ ಒಂದು ಫ್ಲ್ಯಾಟಿನ ಅಡುಗೆಮನೆ. ಅತ್ತೆ ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಾರೆ. ಅಳಿಯನ ತೊಡೆಯ ಮೇಲೆ ಲ್ಯಾಪ್‌ಟಾಪ್. ತೊಟ್ಟು ಮುರಿಯದವರೇ ಸ್ಥಾಪಕರಾಗುವುದು ಈಗಿನ ಪದ್ಧತಿ.)

ಅಳಿಯ: ಅತ್ತೆ, ಕಾಲು ಕೆಜಿ ಪ್ಯಾಕೆಟ್‌ಗೆ 200 ರೂಪಾಯಿ. ಖರ್ಚು 70. ಲಾಭ 130! ಕೆಲಸ ಬಿಟ್ಟುಬಿಡ್ಲಾ?

ಅತ್ತೆ: ಮೆಣಸಿನಕಾಯಿ, ಬೇಳೆ, ತಿಪಟೂರು ಕೊಬ್ಬರಿ, 70 ಆಯ್ತು. ಗ್ಯಾಸು?

ಅಳಿಯ: ಅದು ಮನೆ ಖರ್ಚು.

ಅತ್ತೆ: 14.2 ಕೆಜಿ ಸಿಲಿಂಡರು ಮನೆ ಅಡುಗೆಗೆ ಮಾತ್ರ ಕಣಪ್ಪ. ವ್ಯಾಪಾರಕ್ಕೆ 19 ಕೆಜಿಯದ್ದು ತರ್ಬೇಕು. ಮೊನ್ನೆ ಸುಟ್ಟ ಮಿಕ್ಸಿ?

ಅಳಿಯ: ಅದು ನಮ್ಮ ಮದುವೆ ಉಡುಗೊರೆ. ಬಂಡವಾಳದ ಲೆಕ್ಕಕ್ಕೆ ಬರಲ್ಲ.

ಅತ್ತೆ: ನನ್ನ ರಟ್ಟೆ?

ಅಳಿಯ: ಅದಕ್ಕೆ ಈಕ್ವಿಟಿ ಕೊಡ್ತೀನಿ!

ಅತ್ತೆ: ಅದನ್ನ ಕೊಟ್ರೆ ಮೆಡಿಕಲ್ ಶಾಪಿನವನು ಅಯೋಡೆಕ್ಸ್ ಕೊಡ್ತಾನಾ?

(ಅಳಿಯ ಕಾಲಂ ಒಂದನ್ನು ಸದ್ದಿಲ್ಲದೆ ಅಳಿಸುತ್ತಾನೆ.)

ಅತ್ತೆ: ಪ್ಯಾಕೆಟ್ ಮೇಲೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರು ಇರ್ಬೇಕಂತಲ್ಲ, ಎಲ್ಲಿ?

ಅಳಿಯ: ಮೊದಲು ಲೋಗೊ ಆಗ್ಲಿ. ಒರಳುಕಲ್ಲಿಗೆ ಯಾವ ಬಣ್ಣ ಅನ್ನೋದ್ರಲ್ಲೇ ನಿಂತಿದೆ.

ಅತ್ತೆ: ವಹಿವಾಟು 40 ಲಕ್ಷ ದಾಟಿದ್ರೆ ಜಿಎಸ್‌ಟಿ ಬೇರೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಬೇಕರಿಯವರಿಗೆಲ್ಲ ನೋಟಿಸು ಬಂತಲ್ಲ!

ಅಳಿಯ: ನಮಗೆ ಬರಲ್ಲ ಬಿಡಿ.

ಅತ್ತೆ: ಅಷ್ಟು ಧೈರ್ಯವಾ?

ಅಳಿಯ: ಇಲ್ಲಿವರೆಗೆ ತಗೊಂಡವರೆಲ್ಲ ನೆಂಟರೇ. ಒಬ್ರೂ ದುಡ್ಡು ಕೊಟ್ಟಿಲ್ಲ. ಆದ್ರೆ ಗ್ರಾಹಕರ ಸಂಖ್ಯೆ ಮಾತ್ರ ಏರ್ತಾನೇ ಇದೆ!

ಅತ್ತೆ: ನನ್ನ ಸ್ಟೀಲ್ ಡಬ್ಬಗಳಾದ್ರೂ ವಾಪಸ್ ಬಂದ್ವಾ?