ಮಕ್ಕಳ ಕ್ರಿಕೆಟ್ ಕೋಚ್ ಆಗಲು ಹೊರಟ ತಮ್ಮನಿಗೆ ಬಹಿರಂಗ ಪತ್ರ

ಪ್ರೀತಿಯ ತಮ್ಮಾ,

ಡಿವಿಷನ್ ಲೀಗಿನಲ್ಲಿ ಕೆಲವು ವರ್ಷ ಬೆವರು ಹರಿಸಿ, ರಾಜ್ಯ ತಂಡದಿಂದ ಇನ್ನು ಕರೆ ಬರುವುದಿಲ್ಲವೆಂದು ಖಾತ್ರಿಯಾದ ಮೇಲೆ ಬೆಂಗಳೂರಿನಲ್ಲಿ ಮಕ್ಕಳಿಗೆ ಕ್ರಿಕೆಟ್ ಕಲಿಸಲು ಹೊರಟಿದ್ದೀಯಂತೆ. ಒಳ್ಳೆಯ ಗಳಿಗೆಯಲ್ಲೇ ಹೊರಟಿದ್ದೀಯ. ಏಪ್ರಿಲ್ ಬಂತು, ಶಾಲೆಗೆ ರಜೆ. ಇನ್ನೆರಡು ತಿಂಗಳು ಈ ಊರಲ್ಲಿ ಖಾಲಿ ಸೈಟು ಇದ್ದವರೆಲ್ಲ ಅಕಾಡೆಮಿ ಮಾಲೀಕರು, ಕೊರಳಲ್ಲಿ ವಿಸಿಲ್ ಇದ್ದವರೆಲ್ಲ ಕೋಚ್‌ಗಳು.

ಓದಿನ ಚಿಂತೆ ಬಿಡು. ಪಟಿಯಾಲದಲ್ಲಿ 1961ರಿಂದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಇದೆ, ತರಬೇತುದಾರರಿಗೆ ಡಿಪ್ಲೊಮಾ ಕೊಡುತ್ತದೆ. ಅಷ್ಟು ಪುರುಸೊತ್ತಿಲ್ಲದವರಿಗೆ ಆರು ವಾರದ ಸರ್ಟಿಫಿಕೇಟ್ ಕೋರ್ಸೂ ಉಂಟು. ಕ್ರಿಕೆಟ್ ಮಂಡಳಿಯೂ ಲೆವೆಲ್ ಪ್ರಕಾರ ಕೋಚ್‌ಗಳಿಗೆ ಪರೀಕ್ಷೆ ಮಾಡುತ್ತದೆ. ಇದೆಲ್ಲ ಕಷ್ಟಪಡುವವರ ದಾರಿ. ನಿನಗೆ ಬೇಕಾದದ್ದು ಬೆನ್ನ ಮೇಲೆ ‘ಕೋಚ್’ ಎಂದು ಅಚ್ಚಾದ ಟೀ ಶರ್ಟು. ಬಾಡಿಗೆ ಆಟೋ ಓಡಿಸಬೇಕಾದರೆ ಲೈಸೆನ್ಸ್ ಬೇಕು. ಪರರ ಮಕ್ಕಳನ್ನು ದಿನಾ ಬೆಳಗ್ಗೆ ಎರಡು ಗಂಟೆ ನಿನ್ನ ಸುಪರ್ದಿಗೆ ಬಿಡಲು ಯಾರೂ ಏನನ್ನೂ ಕೇಳುವುದಿಲ್ಲ. ಕೇಳಿದರೂ ಒಂದೇ ಪ್ರಶ್ನೆ: ‘ಸರ್, ಸೆಲೆಕ್ಟರ್ಸ್ ಯಾರಾದ್ರೂ ಗೊತ್ತಾ?’

ದ್ರಾವಿಡ್ ಜೊತೆ ಫೋಟೋ ಇದ್ದರೆ ಫ್ಲೆಕ್ಸಿಗೆ ಹಾಕಿಸು. ಯಾರದೋ ಮದುವೆಯಲ್ಲಿ ತೆಗೆಸಿದ್ದಾದರೂ ಅಡ್ಡಿಯಿಲ್ಲ, ಹಿಂದಿನ ಮಂಟಪ ಕತ್ತರಿಸಿದರಾಯಿತು. ಅದೇ ದ್ರಾವಿಡ್ 2015ರ ಪಟೌಡಿ ಸ್ಮಾರಕ ಉಪನ್ಯಾಸದಲ್ಲಿ ವಯಸ್ಸು ಮುಚ್ಚಿಡುವವರ ವಿರುದ್ಧ ಮಾತಾಡಿದ್ದನ್ನು ಮಾತ್ರ ಎಲ್ಲೂ ಎತ್ತಬೇಡ. ಗಿರಾಕಿಗಳಿಗೆ ಬೇಜಾರಾಗುತ್ತದೆ.

ಈಗ ಕಸುಬಿಗೆ ಬರೋಣ. ಒಂದು ನೆಟ್, ಇಪ್ಪತ್ತು ಮಕ್ಕಳು, ಎರಡು ಗಂಟೆ. ತಲೆಗೆ ಆರು ನಿಮಿಷದ ಬ್ಯಾಟಿಂಗ್, ಅದರಲ್ಲಿ ಎರಡು ನಿಮಿಷ ಪ್ಯಾಡ್ ಕಟ್ಟಿಕೊಳ್ಳುವುದಕ್ಕೇ ಹೋಗುತ್ತದೆ. ಮಿಕ್ಕವರನ್ನು ಮೈದಾನದ ಸುತ್ತ ಓಡಿಸು. ಅದಕ್ಕೆ ‘ಫಿಟ್‌ನೆಸ್ ಮಾಡ್ಯೂಲ್’ ಅಂತ ಹೆಸರಿಟ್ಟರೆ ಫೀಸು ಬೇರೆ ವಸೂಲು ಮಾಡಬಹುದು.

ಮೊದಲ ದಿನವೇ ಎಂಟು ವರ್ಷದ ಹುಡುಗನೊಬ್ಬ ಆರನೇ ಸೈಜಿನ ಬ್ಯಾಟ್ ಎಳೆದುಕೊಂಡು ಬರುತ್ತಾನೆ. ಅವನಿಗೆ ನಾಲ್ಕನೇ ಸೈಜ್ ಸಾಕು. ಆದರೆ ಅಪ್ಪ ಯೂನಿಫಾರಂ ಹೊಲಿಸುವ ಲೆಕ್ಕದಲ್ಲಿ, ಮುಂದಿನ ವರ್ಷಕ್ಕೂ ಆಗಲಿ ಅಂತ ಕೊಡಿಸಿದ್ದಾರೆ. ಮೇಲಿನ ಕೈಗೆ ಆ ಭಾರ ತಡೆಯುವುದಿಲ್ಲ. ಕೆಳಗಿನ ಕೈ ಹಿಡಿಯ ಬುಡಕ್ಕೆ ಜಾರಿ, ಬ್ಯಾಟನ್ನು ಅಡ್ಡಕ್ಕೆ ಬೀಸುತ್ತದೆ. ಆಫ್ ಸ್ಟಂಪಿನ ಮೇಲೆ ಬಿದ್ದ ಚೆಂಡೂ ಮಿಡ್‌ವಿಕೆಟ್ ಕಡೆಗೇ. ನೀನು ಮಗುಚಿದ ಬಕೆಟ್ಟಿನ ಮೇಲೆ ಕೂತಲ್ಲಿಂದಲೇ ‘ಸ್ಟ್ರೇಟ್ ಆಡೋ!’ ಎಂದು ಕಿರುಚಬೇಕು. ಎದ್ದು ಹೋಗಿ ಅವನ ಕೈಗೊಂದು ಸಣ್ಣ ಬ್ಯಾಟ್ ಕೊಟ್ಟೆಯೋ, ಕೆಟ್ಟೆ. ಅರ್ಧ ಕಾಯಿಲೆ ಅಲ್ಲೇ ವಾಸಿಯಾಗಿಬಿಡುತ್ತದೆ. ಆಮೇಲೆ ‘ಪರ್ಸನಲ್ ಕೋಚಿಂಗ್’ಗೆ ಯಾರು ಬರುತ್ತಾರೆ? (ಹಾಗೆ ಎದ್ದು ಹೋಗಿ ಬ್ಯಾಟ್ ಬದಲಿಸುವ ಕೆಲವರು ಈ ಊರಲ್ಲಿ ಇದ್ದಾರೆ. ಅವರಲ್ಲಿ ಯಾರದೂ ಫ್ಲೆಕ್ಸ್ ನೋಡಿಲ್ಲ.)

ಜೋರಾಗಿ ಎಸೆಯುವ ಹುಡುಗ ಸಿಕ್ಕರೆ ಅದೃಷ್ಟ ಅಂದುಕೋ. ಶನಿವಾರ ಅಂಡರ್ ಫೋರ್ಟೀನ್, ಭಾನುವಾರ ಅಂಡರ್ ಸಿಕ್ಸ್‌ಟೀನ್, ನಡುವೆ ಶಾಲೆಯ ಮ್ಯಾಚು, ಎಲ್ಲದಕ್ಕೂ ಅವನೇ. ಬೆಳೆಯುವ ವಯಸ್ಸಿನಲ್ಲಿ ಹೀಗೆ ಬಿಡುವಿಲ್ಲದೆ ಬೌಲ್ ಮಾಡಿಸಿದರೆ ಸೊಂಟದ ಮೂಳೆ ಬಿರುಕು ಬಿಡುತ್ತದೆ ಎಂದು ವೈದ್ಯರು ಹೇಳುತ್ತಾರೆ, ಹೇಳಲಿ. ಕಪ್ಪಿನ ಜೊತೆ ಫೋಟೋ ತೆಗೆಯುವಾಗ ಸೊಂಟ ಕಾಣುವುದಿಲ್ಲ. ಕೇಂದ್ರ ಸರ್ಕಾರ 1985ರಿಂದ ಗುರುಗಳಿಗೆ ದ್ರೋಣಾಚಾರ್ಯ ಪ್ರಶಸ್ತಿ ಕೊಡುತ್ತಿದೆ, ಕರ್ನಾಟಕ ಸರ್ಕಾರ ಆಟಗಾರರಿಗೆ ಏಕಲವ್ಯ ಪ್ರಶಸ್ತಿ ಕೊಡುತ್ತದೆ. ಹೆಬ್ಬೆರಳಿನ ಸುದ್ದಿಯನ್ನು ಎರಡೂ ಕಡೆಯವರು ಎತ್ತುವುದಿಲ್ಲ. ಈಗ ಕೈ ಕೇಳುವುದು ಎಕ್ಸ್‌ರೇಗೆ ಮಾತ್ರ: ವಯಸ್ಸು ಪತ್ತೆಗೆ ಮಂಡಳಿಯವರು ಎಡಗೈ ಮಣಿಕಟ್ಟಿನ ಮೂಳೆ ನೋಡುತ್ತಾರೆ. ಜನನ ಪತ್ರ ಎರಡೆರಡು ಇಟ್ಟುಕೊಂಡ ಪೋಷಕರಿಗೆ ಇದನ್ನು ಮೊದಲೇ ತಿಳಿಸಿಬಿಡು, ‘ಸರ್ ತುಂಬ ಕೇರಿಂಗು’ ಅನ್ನುತ್ತಾರೆ.

ಕುಮಟಾದಿಂದ ಬಂದ ರಾಘವೇಂದ್ರರ ಕತೆ ಯಾರಾದರೂ ಹೇಳಿದರೆ ಕಿವಿ ಮುಚ್ಚಿಕೋ. ಬೇರೆಯವರ ಬ್ಯಾಟಿಂಗಿಗೆ ಚೆಂಡೆಸೆದೂ ಎಸೆದೂ ಭಾರತ ತಂಡದ ಡ್ರೆಸಿಂಗ್ ರೂಮಿಗೆ ಹೋದ ಮನುಷ್ಯ. ಅಷ್ಟು ತಾಳ್ಮೆ ಇಟ್ಟುಕೊಂಡರೆ ನಿನ್ನ ಇನ್‌ಸ್ಟಾಗ್ರಾಂ ನೋಡಿಕೊಳ್ಳುವವರು ಯಾರು?

ಸಂಬಳ ಎಷ್ಟು ಅಂತ ಕೇಳಿದ್ದೆಯಲ್ಲ, ಮೇ ಕೊನೆಯವರೆಗೆ ಸಿಗುತ್ತದೆ. ಜೂನ್‌ನಲ್ಲಿ ಶಾಲೆ ತೆರೆದು ಮಳೆ ಶುರುವಾದ ಮೇಲೆ ಮಾಲೀಕರು ಅದೇ ಜಾಗಕ್ಕೆ ಚಾವಣಿ, ಟರ್ಫ್ ಹಾಕಿಸಿ, ರಾತ್ರಿ ಬಾಕ್ಸ್ ಕ್ರಿಕೆಟ್ಟಿಗೆ ಗಂಟೆ ಲೆಕ್ಕದಲ್ಲಿ ಐಟಿಯವರಿಗೆ ಬಾಡಿಗೆ ಕೊಡುತ್ತಾರೆ. ಚೆಂಡು ಹೆಕ್ಕುವವರು ಬೇಕಾಗಬಹುದು, ಈಗಲೇ ಮಾತಾಡಿಟ್ಟಿರು. ಟೀ ಶರ್ಟ್ ಅದೇ ನಡೆಯುತ್ತದೆ.

ಇಂತಿ ನಿನ್ನ ಹಿತೈಷಿ,
ನೆಟ್ಟಿನ ಹಿಂದೆ ನಿಂತು ನೋಡುವ ಒಬ್ಬ ಅಣ್ಣ